ಹಳೇ ಮಡಚುವ ಚಾಕು: ಅಲಗು ಯಾವ ಸ್ಟೀಲು ಅಂತ ತಿಳಿಯೋದು ಹೇಗೆ?

ಹಳೇ ಮನೆ ಖಾಲಿ ಮಾಡುವಾಗ ಟ್ರಂಕಿನ ತಳದಲ್ಲಿ ಸಿಗುವ ಸಾಮಾನುಗಳಲ್ಲಿ ಮಡಚುವ ಚಾಕೂ ಒಂದು. ಅಮೆರಿಕದಿಂದ ಬಂದ ಚಿಕ್ಕಪ್ಪ ತಂದಿದ್ದಿರಬಹುದು. ಮಿಲಿಟರಿಯಲ್ಲಿದ್ದ ಮಾವನದಿರಬಹುದು. ಹಿತ್ತಾಳೆ ಕಪ್ಪಾಗಿರುತ್ತದೆ, ಮರದ ಹಿಡಿ ಒಣಗಿರುತ್ತದೆ, ಆದರೆ ಅಲಗು ಬಿಚ್ಚಿದರೆ ಟಕ್ ಅಂತ ನಿಲ್ಲುತ್ತದೆ. ಕಂಪನಿ ಆ ಮಾಡೆಲ್ ನಿಲ್ಲಿಸಿ ಎಷ್ಟೋ ವರ್ಷ ಆಗಿರುತ್ತದೆ. ಕೆಲವು ಸಲ ಕಂಪನಿಯೇ ಇರುವುದಿಲ್ಲ. ಹಾಗಿದ್ದಾಗ ಇದು ಯಾವ ಸ್ಟೀಲು ಅಂತ ಹೇಳೋದು ಹೇಗೆ?

ತುಮಕೂರಿನ ಮಂಡಿಪೇಟೆ ಕಡೆ ಸಾಣೆ ಹಿಡಿಯುವವರನ್ನು ಕೇಳಿ ನೋಡಿ. ಅಲಗನ್ನು ಎರಡು ಸಲ ತಿರುಗಿಸಿ, ಉಗುರಿನಿಂದ ತಟ್ಟಿ, "ಇದು ಫಾರಿನ್ ಸ್ಟೀಲು ಸಾರ್, ಈಗ ಸಿಗಲ್ಲ" ಅನ್ನುತ್ತಾರೆ. ಅವರ ಕೈಗೆ ಗೊತ್ತಾಗುವುದು ಬಹಳ ಇದೆ. ಗಟ್ಟಿಯೋ ಮೆದುವೋ, ಬೇಗ ಹರಿತವಾಗುತ್ತದೋ ಇಲ್ಲವೋ, ಎಲ್ಲ ಹೇಳಬಲ್ಲರು. ಆದರೆ 440ಸಿ, 420ಎಚ್‌ಸಿ, 1095 ಅಂತ ಹೆಸರು ಹಿಡಿದು ಹೇಳಲು ಅವರಿಂದಲೂ ಆಗುವುದಿಲ್ಲ, ನನ್ನಿಂದಲೂ ಆಗುವುದಿಲ್ಲ. ನೋಡಿ, ಮುಟ್ಟಿ, ಮಸೆದು ಸ್ಟೀಲಿನ ಜಾತಿ ಗುರುತಿಸಬಹುದು ಅಷ್ಟೆ, ಅಂದರೆ ತುಕ್ಕು ಹಿಡಿಯುವುದೋ ಹಿಡಿಯದ್ದೋ ಅಂತ. ಹೆಸರು ಬೇಕಿದ್ದರೆ ಮೊದಲು ಚಾಕು ಯಾವ ವರ್ಷದ್ದು ಅಂತ ಕಂಡುಹಿಡಿಯಬೇಕು. ವರ್ಷ ಸಿಕ್ಕರೆ ಸ್ಟೀಲು ಹೆಚ್ಚುಕಡಿಮೆ ಸಿಕ್ಕ ಹಾಗೆಯೇ.

ಮೊದಲು ಜಾತಿ ವಿಷಯ ಮುಗಿಸೋಣ. ಕಬ್ಬಿಣಕ್ಕೆ ಒಂದಿಷ್ಟು ಇಂಗಾಲ ಸೇರಿದರೆ ಉಕ್ಕು. ಇದು ನಮ್ಮ ಜಿಲ್ಲೆಗೆ ಹೊಸದೇನಲ್ಲ. 1800ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಪರವಾಗಿ ಈ ಕಡೆ ಓಡಾಡಿದ ಫ್ರಾನ್ಸಿಸ್ ಬುಕಾನನ್ ಮಧುಗಿರಿ, ಚನ್ನರಾಯನದುರ್ಗ, ಹಾಗಲವಾಡಿ, ದೇವರಾಯನದುರ್ಗದ ಸುತ್ತ ಕಬ್ಬಿಣ ಕರಗಿಸುತ್ತಿದ್ದುದನ್ನು ಬರೆದಿಟ್ಟಿದ್ದಾನೆ. ಆಗಿನ ದಕ್ಷಿಣ ಭಾರತದ ವಿಧಾನದಲ್ಲಿ ಮಣ್ಣಿನ ಮೂಸೆಯೊಳಗೆ ಕಬ್ಬಿಣದ ತುಂಡಿನ ಜೊತೆ ತಂಗಡಿ ಗಿಡದ ಕಡ್ಡಿ, ಹಸಿ ಎಲೆ ಇಟ್ಟು, ಬಾಯಿ ಮುಚ್ಚಿ ಕಾಯಿಸುತ್ತಿದ್ದರು. ಕಡ್ಡಿ ಸುಟ್ಟು ಇಂಗಾಲವಾಗಿ ಕಬ್ಬಿಣದೊಳಗೆ ಸೇರುತ್ತಿತ್ತು. ಕಲ್ಲುಕುಟಿಗರ ಉಳಿಗೂ ಕತ್ತಿಯ ಅಲಗಿಗೂ ಅದೇ ಉಕ್ಕು. ನಾವು ಈಗ ಬೇಲಿ ಪಕ್ಕದಲ್ಲಿ ನೋಡಿಯೂ ನೋಡದ ಹಾಗೆ ಹೋಗುವ ಹಳದಿ ಹೂವಿನ ಗಿಡ ಅದು.

ಇಂಗಾಲ ಜಾಸ್ತಿ ಇದ್ದರೆ ಅಲಗು ಗಟ್ಟಿಯಾಗಬಲ್ಲದು, ಹರಿತ ಜಾಸ್ತಿ ದಿನ ನಿಲ್ಲಬಲ್ಲದು. ಆದರೆ ತುಕ್ಕು ಹಿಡಿಯುತ್ತದೆ. ತುಕ್ಕು ತಡೆಯಲು ಕ್ರೋಮಿಯಂ ಬೇಕು. ಸುಮಾರು 10.5 ಶೇಕಡಾಕ್ಕಿಂತ ಜಾಸ್ತಿ ಕ್ರೋಮಿಯಂ ಇದ್ದರೆ ಅದನ್ನು ಸ್ಟೇನ್‌ಲೆಸ್ ಅನ್ನುತ್ತಾರೆ. ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ ಹ್ಯಾರಿ ಬ್ರೆಯರ್ಲಿ ಇಂಥ ಉಕ್ಕು ಮಾಡಿದ್ದು 1913ರಲ್ಲಿ. ಹಾಗಾಗಿ ಕೋಲಾರದ ಚಿನ್ನದ ಗಣಿ ಕಡೆಯ ಹಳೇ ಮನೆಗಳಲ್ಲಿ ಅದಕ್ಕೂ ಹಿಂದಿನ ಶೆಫೀಲ್ಡ್ ಚಾಕು ಸಿಕ್ಕರೆ ತಲೆ ಕೆಡಿಸಿಕೊಳ್ಳಬೇಕಿಲ್ಲ. ಅದು ಕಾರ್ಬನ್ ಸ್ಟೀಲೇ, ಅಂದರೆ ಅಷ್ಟು ಕ್ರೋಮಿಯಂ ಇಲ್ಲದ, ತುಕ್ಕು ಹಿಡಿಯುವ ಜಾತಿ. ಬೇರೆ ಏನೂ ಆಗಿರಲು ಸಾಧ್ಯವಿಲ್ಲ.

ಅಲ್ಲಿಂದ ಈಚಿನ ಚಾಕುಗಳದ್ದೇ ತಲೆನೋವು. ಇಲ್ಲಿ ಎಲ್ಲರೂ ಎಡವುವುದು ಒಂದೇ ಕಡೆ. ಮಾಡೆಲ್ ಹೆಸರು ಗೊತ್ತಾದರೆ ಸ್ಟೀಲೂ ಗೊತ್ತಾಯಿತು ಅಂದುಕೊಳ್ಳುತ್ತಾರೆ. ಅಮೆರಿಕದ ಬಕ್ ಕಂಪನಿಯ 110 ಅನ್ನೋ ಚಾಕು ತೆಗೆದುಕೊಳ್ಳಿ. 1964ರಲ್ಲಿ ಬಂದದ್ದು, ಎರಡೂ ತುದಿಗೆ ಹಿತ್ತಾಳೆ, ನಡುವೆ ಮರ. ಹೊರಗಿನಿಂದ ನೋಡಿದರೆ ಆಗಿಂದ ಈಗಿನವರೆಗೂ ಒಂದೇ ಚಾಕು. ಒಳಗೆ ಮಾತ್ರ ಅಲಗು ಬದಲಾಗುತ್ತಲೇ ಬಂದಿದೆ. ಶುರುವಿನಲ್ಲಿ 440ಸಿ. 1981ರ ಹೊತ್ತಿಗೆ 425ಎಂ. 1990ರ ದಶಕದ ಮೊದಲ ಭಾಗದಲ್ಲಿ 420ಎಚ್‌ಸಿ. 440ಸಿಯಲ್ಲಿ ಸುಮಾರು 1 ಶೇಕಡಾ ಇಂಗಾಲ ಇರುತ್ತದೆ. 420ಎಚ್‌ಸಿಯಲ್ಲಿ ಅದರ ಅರ್ಧದಷ್ಟೂ ಕಷ್ಟ. ಅದೇ ಹೆಸರು, ಅದೇ ನಂಬರು, ಅದೇ ಆಕಾರ, ಮಸೆಯಲು ಕೂತರೆ ಬೇರೆಯೇ ಚಾಕು.

ಯಾಕೆ ಬದಲಾಯಿಸುತ್ತಾರೆ? ಗಟ್ಟಿ ಉಕ್ಕನ್ನು ಅಚ್ಚಿನಲ್ಲಿ ಕತ್ತರಿಸಿದರೆ ಅಚ್ಚು ಬೇಗ ಸವೆಯುತ್ತದೆ. ಕೊಂಡವರು ಮನೆಯಲ್ಲಿ ಮಸೆಯಲು ಆಗುತ್ತಿಲ್ಲ ಅಂತ ದೂರುತ್ತಾರೆ. ಉಕ್ಕು ಮಾಡುವ ಕಾರ್ಖಾನೆ ಆ ಬಗೆಯನ್ನೇ ನಿಲ್ಲಿಸಿಬಿಡುವುದೂ ಉಂಟು. ಇದರಲ್ಲಿ ಮೋಸ ಏನಿಲ್ಲ. ಆದರೆ ಮೂವತ್ತು ವರ್ಷ ಆದಮೇಲೆ ಚಾಕು ಕೈಗೆ ಬಂದವರಿಗೆ ಇದ್ಯಾವುದೂ ಗೊತ್ತಿರುವುದಿಲ್ಲ, ಅಲ್ವಾ?

ಎಚ್‌ಎಂಟಿ ವಾಚ್ ಹುಡುಕಿ ಕೊಳ್ಳುವ ತುಮಕೂರಿನವರಿಗೆ ಈ ಬುದ್ಧಿ ಇದೆ. ಡಯಲ್ ನೋಡಿ ಮರುಳಾಗುವುದಿಲ್ಲ, ಹಿಂದಿನ ಮುಚ್ಚಳ ತೆಗೆಸಿ ಮಷೀನು ನೋಡುತ್ತಾರೆ. ಡಯಲ್‌ಗೆ ಯಾರು ಬೇಕಾದರೂ ಬಣ್ಣ ಹೊಡೆಯಬಹುದು ಅಂತ ಅವರಿಗೆ ಗೊತ್ತು. ಚಾಕುವಿನಲ್ಲಿ ಹಾಗೆ ನೋಡಬೇಕಾದ ಜಾಗ ಅಲಗಿನ ಬುಡ. ಹರಿತ ಮುಗಿದು, ಅಲಗು ಹಿಡಿಯೊಳಗೆ ಹೋಗುವ ಮುಂಚೆ ಬೆರಳ ತುದಿಯಷ್ಟು ಮಸೆಯದ ಜಾಗ ಇರುತ್ತದಲ್ಲ, ಅಲ್ಲಿ ಕಂಪನಿ ಮುದ್ರೆ ಒತ್ತಿರುತ್ತದೆ.

ಅದನ್ನು ಓದುವುದಕ್ಕೂ ಒಂದು ಕ್ರಮ ಇದೆ. ಉಪ್ಪುಕಾಗದ ಬೇಡವೇ ಬೇಡ. ಒಂದು ಸಲ ಉಜ್ಜಿದರೆ ಅಕ್ಷರದ ಅಂಚು ಹೋಗುತ್ತದೆ, ಆಮೇಲೆ ಯಾರಿಗೂ ಓದಲು ಆಗುವುದಿಲ್ಲ. ಹೊಲಿಗೆ ಮಷೀನಿನ ಎಣ್ಣೆ ಒಂದು ಹನಿ ಹಾಕಿ ರಾತ್ರಿಯಿಡೀ ಬಿಡಿ. ಬೆಳಿಗ್ಗೆ ಕಡ್ಡಿಗೆ ಹತ್ತಿ ಸುತ್ತಿ ಮೆತ್ತಗೆ ಒರೆಸಿ. ಜಗ್ಗದ ಕೊಳೆಯನ್ನು ಹಳೇ ಹಲ್ಲುಜ್ಜುವ ಬ್ರಷ್‌ನಿಂದ ತೆಗೆಯಿರಿ. ಪೂರ್ತಿ ಒಣಗಿದ ಮೇಲೆ ಸೀಮೆಸುಣ್ಣದ ಪುಡಿ ಬೆರಳಲ್ಲಿ ತೀಡಿ, ಮೇಲಿನದನ್ನು ಒರೆಸಿಬಿಡಿ. ಪುಡಿ ಅಕ್ಷರದ ಗುಣಿಯೊಳಗೆ ಕೂತು ಬೆಳ್ಳಗೆ ಎದ್ದು ಕಾಣುತ್ತದೆ. ಇನ್ನೂ ಕಾಣದಿದ್ದರೆ ದೀಪ ಆರಿಸಿ, ಮೊಬೈಲ್ ಟಾರ್ಚನ್ನು ನೇರ ಹಿಡಿಯದೆ ಪಕ್ಕದಿಂದ ಹಾಯಿಸಿ. ಸವೆದ ಅಕ್ಷರದ ನೆರಳು ಬೀಳುತ್ತದೆ. ಫೋಟೋ ತೆಗೆದು ದೊಡ್ಡದು ಮಾಡಿ ನೋಡಿ. ಅಲಗಿನ ಎರಡೂ ಮಗ್ಗುಲು ನೋಡಬೇಕು. ಒಂದು ಕಡೆ ಹೆಸರು, ಇನ್ನೊಂದು ಕಡೆ ನಂಬರು ಇರುವುದೇ ಜಾಸ್ತಿ.

ಇಲ್ಲಿ ಸಣ್ಣ ಚುಕ್ಕೆಯೂ ಲೆಕ್ಕಕ್ಕೆ ಬರುತ್ತದೆ. ಬಕ್ ಕಂಪನಿ 1986ರಿಂದ ಮಾಡೆಲ್ ನಂಬರಿನ ಪಕ್ಕ ವರ್ಷಕ್ಕೊಂದು ಗುರುತು ಒತ್ತಲು ಶುರು ಮಾಡಿತು. ಕೇಸ್ ಅನ್ನೋ ಇನ್ನೊಂದು ಅಮೆರಿಕನ್ ಕಂಪನಿಯದ್ದು ಇನ್ನೂ ಚಂದ. 1970ರಲ್ಲಿ ಹೆಸರಿನ ಕೆಳಗೆ 10 ಚುಕ್ಕೆ. ಆಮೇಲೆ ವರ್ಷಕ್ಕೊಂದು ಚುಕ್ಕೆ ಕಡಿಮೆ. 1980ರಲ್ಲಿ ಮತ್ತೆ 10ರಿಂದ ಶುರು, ಆದರೆ ಹೆಸರಿನ ಎಸ್ ಅಕ್ಷರದ ಆಕಾರ ಬದಲು. ಧೂಳು ಅಂತ ಒರೆಸಿ ಬಿಸಾಕುವ ಚುಕ್ಕೆಯಲ್ಲಿ ವರ್ಷವೇ ಕೂತಿರುತ್ತದೆ. ಅದೇ ಕಂಪನಿಯ ಅಲಗಿನ ಮೇಲೆ ಸಿ, ವಿ ಅಂತ ಎರಡು ಅಕ್ಷರ ಇದ್ದರೆ ಕ್ರೋಮ್ ವನಾಡಿಯಂ, ಅಂದರೆ ತುಕ್ಕು ಹಿಡಿಯುವ ಜಾತಿ. ಮಾಡೆಲ್ ನಂಬರಿನ ಕೊನೆಗೆ ಎಸ್ಎಸ್ ಇದ್ದರೆ ಸ್ಟೇನ್‌ಲೆಸ್.

ಶ್ರೇಡ್ ಕಂಪನಿಯ ಕಥೆ ನಮ್ಮ ವಿಷಯಕ್ಕೆ ಸರಿಯಾಗಿ ಹೊಂದುತ್ತದೆ. ನ್ಯೂಯಾರ್ಕ್ ರಾಜ್ಯದ ಎಲೆನ್‌ವಿಲ್‌ನಲ್ಲಿದ್ದ ಇವರ ಕಾರ್ಖಾನೆ 2004ರಲ್ಲಿ ಮುಚ್ಚಿಹೋಯಿತು. ಓಲ್ಡ್ ಟೈಮರ್ ಅಂತ ಇವರದೊಂದು ಸಾಲು ಇತ್ತು. ಬಹುಪಾಲು 1095 ಅನ್ನೋ ಕಾರ್ಬನ್ ಸ್ಟೀಲು. ಅಂಕಲ್ ಹೆನ್ರಿ ಅಂತ ಇನ್ನೊಂದು ಸಾಲು, ಅದು ಸ್ಟೇನ್‌ಲೆಸ್. ಎರಡನ್ನೂ ಬೇರೆ ಮಾಡುವ ಗುರುತು ಹೆಸರಿನ ಪಕ್ಕದ ಒಂದು ಕೂಡುವ ಚಿಹ್ನೆ. ಶ್ರೇಡ್ ಅಂತ ಬರೆದು ಪ್ಲಸ್ ಇದ್ದರೆ ಸ್ಟೇನ್‌ಲೆಸ್. ಕಾರ್ಖಾನೆ ಮುಚ್ಚಿದ ಮೇಲೆ ಹೆಸರನ್ನು ಬೇರೆಯವರು ಕೊಂಡರು. ಚೀನಾದಲ್ಲಿ ಮಾಡಿಸಿ ಅದೇ ಹೆಸರಲ್ಲಿ ಮಾರಿದರು, ಅದು ಬೇರೆ ಸ್ಟೇನ್‌ಲೆಸ್. ಪೆಟ್ಟಿಗೆಯ ಮೇಲೆ ಓಲ್ಡ್ ಟೈಮರ್ ಅಂತ ಇದ್ದ ಮಾತ್ರಕ್ಕೆ 1095 ಅಂದುಕೊಂಡರೆ ಕೆಟ್ಟಿರಿ. ಯುಎಸ್ಎ ಅನ್ನುವ ಮುದ್ರೆ ಅಲಗಿನ ಬುಡದಲ್ಲೇ ಇರಬೇಕು.

ವರ್ಷ ಸಿಕ್ಕಿತು ಅಂತಿಟ್ಟುಕೊಳ್ಳಿ. ಇನ್ನು ಆ ವರ್ಷದ ಕ್ಯಾಟಲಾಗ್ ಹುಡುಕಬೇಕು. ಹಳೇ ಕ್ಯಾಟಲಾಗ್‌ಗಳ ಸ್ಕ್ಯಾನ್ ಪ್ರತಿಗಳು ನೆಟ್‌ನಲ್ಲಿ ಸಿಗುತ್ತವೆ. ಕಂಪನಿ ಇನ್ನೂ ಬದುಕಿದ್ದರೆ ಫೋಟೋ ಸಮೇತ ಒಂದು ಮೇಲ್ ಹಾಕಿ. ಉತ್ತರ ಬರುವುದೂ ಉಂಟು, ಬರದಿರುವುದೂ ಉಂಟು. ಕ್ಯಾಟಲಾಗನ್ನೂ ಕಣ್ಣು ಮುಚ್ಚಿ ನಂಬಬೇಡಿ. ಜನವರಿಯಿಂದ ಹೊಸ ಸ್ಟೀಲು ಅಂತ ಅಚ್ಚಾಗಿರುತ್ತದೆ, ಆದರೆ ಗೋಡೌನಿನಲ್ಲಿದ್ದ ಹಳೇ ಅಲಗುಗಳನ್ನು ಯಾರೂ ಎಸೆಯುವುದಿಲ್ಲ. ಅವು ಖಾಲಿಯಾಗುವವರೆಗೆ ಹಳೇದೇ ಹೊರಗೆ ಬರುತ್ತಿರುತ್ತದೆ. ಬದಲಾವಣೆಯ ವರ್ಷದ ಚಾಕು ನಿಮ್ಮದಾಗಿದ್ದರೆ "ಎರಡರಲ್ಲಿ ಒಂದು" ಅಂತ ಒಪ್ಪಿಕೊಳ್ಳುವುದೇ ಮರ್ಯಾದೆ.

ಮುದ್ರೆಯಲ್ಲಿರುವ ಎಲ್ಲ ಮಾತಿಗೂ ಒಂದೇ ಬೆಲೆ ಇಲ್ಲ. ಜರ್ಮನ್ ಚಾಕುವಿನ ರೋಸ್ಟ್‌ಫ್ರೈ, ಫ್ರೆಂಚ್ ಚಾಕುವಿನ ಇನಾಕ್ಸ್, ಇವೆಲ್ಲ ಸ್ಟೇನ್‌ಲೆಸ್ ಅಂತ ಹೇಳುತ್ತವೆ ಅಷ್ಟೆ, ಯಾವ ಸ್ಟೇನ್‌ಲೆಸ್ ಅಂತ ಹೇಳುವುದಿಲ್ಲ. ಮರದ ಹಿಡಿಯ ಒಪಿನೆಲ್ ಚಾಕು ಮಾತ್ರ ಪ್ರಾಮಾಣಿಕ. ಒಂದರ ಮೇಲೆ ಕಾರ್ಬೋನ್, ಇನ್ನೊಂದರ ಮೇಲೆ ಇನಾಕ್ಸ್ ಅಂತ ಸ್ಪಷ್ಟವಾಗಿ ಒತ್ತಿರುತ್ತಾರೆ. ಬರೀ 440 ಅಂತ ಇದ್ದು ಮುಂದೆ ಅಕ್ಷರ ಇಲ್ಲದಿದ್ದರೆ ಅದು ಸಿ ಅಲ್ಲ ಅಂತಲೇ ನಾನು ಇಟ್ಟುಕೊಳ್ಳುತ್ತೇನೆ. 440ಸಿ ಹಾಕಿದವರು ಆ ಸಿ ಅಕ್ಷರವನ್ನು ಹೇಳಿಕೊಳ್ಳದೇ ಬಿಡುವುದಿಲ್ಲ. ಇನ್ನು ಸರ್ಜಿಕಲ್ ಸ್ಟೀಲ್ ಅನ್ನುವುದು ಬರೀ ಜಾಹೀರಾತು. ಕಂಪನಿಗಳು ತಾವೇ ಇಟ್ಟ ಹೆಸರುಗಳೂ ಹಾಗೇ. ಕೇಸ್‌ನವರ ಟ್ರೂ-ಶಾರ್ಪ್ ಅನ್ನೋದು ಕೇಳಲು ಏನೋ ದೊಡ್ಡದು, ಒಳಗಿರುವುದು 420ಎಚ್‌ಸಿ.

ವಿಕ್ಟೊರಿನಾಕ್ಸ್ ಸ್ವಿಸ್ ಚಾಕು ಇದ್ದವರು ಇಷ್ಟೆಲ್ಲ ಹುಡುಕಬೇಕಿಲ್ಲ. ಮಾಡೆಲ್ ನಿಂತುಹೋಗಿದ್ದರೂ ಚಿಂತೆ ಇಲ್ಲ. ಈಚಿನ ದಶಕಗಳ ಅವರ ಜೇಬು ಚಾಕುಗಳ ಅಲಗು ಒಂದೇ ಬಗೆಯ ಸ್ಟೇನ್‌ಲೆಸ್, ಗಟ್ಟಿತನ ರಾಕ್‌ವೆಲ್ ಅಳತೆಯಲ್ಲಿ ಸುಮಾರು 56. ಅಷ್ಟೇನೂ ಗಟ್ಟಿ ಅಲ್ಲ. ಬೇಕು ಅಂತಲೇ ಹಾಗೆ ಇಟ್ಟಿದ್ದಾರೆ, ಯಾವ ಕಲ್ಲಿನ ಮೇಲಾದರೂ ಮಸೆಯಬಹುದು.

ಮುದ್ರೆ ಪೂರ್ತಿ ಅಳಿಸಿಹೋಗಿದ್ದರೆ? ಆಗ ಮನೆಯ ಪರೀಕ್ಷೆಗಳಿಗೆ ಬರೋಣ. ಎಲ್ಲರೂ ಮೊದಲು ಹಿಡಿಯುವುದು ಮ್ಯಾಗ್ನೆಟ್. "ಮ್ಯಾಗ್ನೆಟ್ ಅಂಟಿತು, ಹಾಗಾದರೆ ಸ್ಟೇನ್‌ಲೆಸ್ ಅಲ್ಲ" ಅಂತ ಪಾತ್ರೆ ಅಂಗಡಿಯ ಲೆಕ್ಕವನ್ನು ಇಲ್ಲಿಗೂ ತರುತ್ತಾರೆ. ಪಾತ್ರೆಯ ಸ್ಟೀಲಿನಲ್ಲಿ ನಿಕ್ಕಲ್ ಇರುತ್ತದೆ, ಅದಕ್ಕೇ ಅಂಟುವುದಿಲ್ಲ. ಹದ ಹಾಕಿ, ಅಂದರೆ ಕಾಯಿಸಿ ತಣಿಸಿ, ಗಟ್ಟಿ ಮಾಡಬಹುದಾದ ಚಾಕುವಿನ ಸ್ಟೇನ್‌ಲೆಸ್ ಬೇರೆ ಜಾತಿ. ಅದಕ್ಕೂ ಅಂಟುತ್ತದೆ, ಕಾರ್ಬನ್ ಸ್ಟೀಲಿಗೂ ಅಂಟುತ್ತದೆ. ಹಾಗಾಗಿ ಮ್ಯಾಗ್ನೆಟ್ ಇಲ್ಲಿ ಏನನ್ನೂ ಹೇಳುವುದಿಲ್ಲ. ವಾಪಸ್ ಫ್ರಿಜ್‌ಗೆ ಅಂಟಿಸಿ.

ನಿಜವಾಗಿ ಕೆಲಸಕ್ಕೆ ಬರುವುದು ಹುಣಸೆಹಣ್ಣು. ತುಮಕೂರಿನವರಿಗೆ ಅದಕ್ಕೇನು ಬರ? ನೆಲ್ಲಿಕಾಯಿ ಗಾತ್ರದ ಹುಣಸೆಯನ್ನು ಸ್ವಲ್ಪವೇ ನೀರಲ್ಲಿ ಕಿವುಚಿ ಗಟ್ಟಿ ರಸ ಮಾಡಿ. ಉಪ್ಪು ಹಾಕಬೇಡಿ, ಉಪ್ಪಿಗೆ ಸ್ಟೇನ್‌ಲೆಸ್ಸೂ ಕಲೆಯಾಗಬಹುದು. ಅಲಗನ್ನು ಸೋಪಿನಲ್ಲಿ ತೊಳೆದು ಎಣ್ಣೆ ಜಿಡ್ಡು ತೆಗೆದು ಒರೆಸಿ. ಹರಿತದ ಅಂಚಿಗೆ ಹತ್ತಿರ, ಇತ್ತೀಚೆಗೆ ಮಸೆದ ಜಾಗದ ಮೇಲೆ ಒಂದು ಹನಿ ಇಡಿ. ಕಾರ್ಬನ್ ಸ್ಟೀಲಾದರೆ ಹನಿಯ ಅಂಚಿನಿಂದ ಬೂದು ಬಣ್ಣ ಶುರುವಾಗುತ್ತದೆ. ಕಾಲು ಗಂಟೆ ಬಿಟ್ಟು ತೊಳೆದರೆ ಕಪ್ಪು ಬೂದು ಕಲೆ ಉಳಿದಿರುತ್ತದೆ, ಬೆಳಕಿಗೆ ಓರೆ ಹಿಡಿದರೆ ಸ್ವಲ್ಪ ನೀಲಿ ಹೊಡೆಯುತ್ತದೆ. ಮೂಗಿನ ಹತ್ತಿರ ತಂದರೆ ಕಬ್ಬಿಣದ ವಾಸನೆ. ಸ್ಟೇನ್‌ಲೆಸ್ ಆದರೆ ಹನಿ ಇಟ್ಟಿದ್ದೇ ಸುಳ್ಳು ಅನ್ನುವ ಹಾಗೆ ಹೊಳೆಯುತ್ತಿರುತ್ತದೆ. ಶ್ರೀನಿವಾಸಪುರದ ಕಡೆಯವರು ಹುಣಸೆ ಬದಲು ಮಾವಿನಕಾಯಿ ಹೆಚ್ಚಿ ನೋಡಬಹುದು, ಕಥೆ ಅದೇ.

ಮಸೆದ ಅಂಚಿನ ಮೇಲೇ ಯಾಕೆ ಅಂದರೆ, ಹಳೇ ಅಗ್ಗದ ಚಾಕುಗಳಲ್ಲಿ ಕಾರ್ಬನ್ ಅಲಗಿಗೆ ಕ್ರೋಮ್ ಲೇಪ ಕೊಟ್ಟಿರುವುದುಂಟು. ಮೇಲೆ ಸ್ಟೇನ್‌ಲೆಸ್ ಹಾಗೆ ಕಾಣುತ್ತದೆ. ಮಸೆದಾಗ ಲೇಪ ಹೋಗಿ ಒಳಗಿನ ನಿಜ ಹೊರಗೆ ಬರುವುದು ಅಂಚಿನಲ್ಲೇ. ಇನ್ನೊಂದು ತೊಡಕು ಡಿ2 ಅನ್ನೋ ಸ್ಟೀಲು. ಇಂಗಾಲ 1.5, ಕ್ರೋಮಿಯಂ ಸುಮಾರು 12. ಲೆಕ್ಕದಲ್ಲಿ ಸ್ಟೇನ್‌ಲೆಸ್ ಆಗಬೇಕು. ಆದರೆ ಕ್ರೋಮಿಯಂನ ದೊಡ್ಡ ಪಾಲು ಇಂಗಾಲದ ಜೊತೆ ಸೇರಿ ಗಟ್ಟಿ ಕಣಗಳಾಗಿ ಕೂತುಬಿಡುತ್ತದೆ, ತುಕ್ಕು ತಡೆಯಲು ಉಳಿಯುವುದು ಕಡಿಮೆ. ಹಾಗಾಗಿ ಅದು ಅತ್ತಲೂ ಇಲ್ಲ ಇತ್ತಲೂ ಇಲ್ಲ. ನಿಧಾನವಾಗಿ, ಅಲ್ಲಲ್ಲಿ ಕಲೆಯಾಗುತ್ತದೆ.

ಸಾಣೆಚಕ್ರದ ಕಿಡಿ ನೋಡಿ ಹೇಳುವ ವಿದ್ಯೆ ಸುಳ್ಳಲ್ಲ. ಕಾರ್ಬನ್ ಸ್ಟೀಲಿನ ಕಿಡಿ ಬೆಳ್ಳಗೆ, ತುದಿಯಲ್ಲಿ ಒಡೆದು ಕವಲು ಕವಲಾಗಿ ಸುರುಸುರುಬತ್ತಿಯ ಥರ ಹಾರುತ್ತದೆ. ಸ್ಟೇನ್‌ಲೆಸ್‌ನದು ಗಿಡ್ಡ, ಕೆಂಪು ಕಿತ್ತಳೆ, ಒಡೆಯುವುದು ಕಡಿಮೆ. ಗುಜರಿಯವರು ಇದರಲ್ಲೇ ರಾಶಿ ಬೇರೆ ಮಾಡುತ್ತಾರೆ. ಆದರೆ ಚಾಕುವಿನ ಮೇಲೆ ಈ ಪ್ರಯೋಗ ನಾನು ಒಪ್ಪುವುದಿಲ್ಲ. ಮಡಚುವ ಚಾಕುವಿನ ಅಂಚು ಕಾಗದದಷ್ಟು ತೆಳು. ಚಕ್ರಕ್ಕೆ ತಾಗಿದ ಕ್ಷಣಕ್ಕೆ ಕಾದುಬಿಡುತ್ತದೆ. ಕಾರ್ಬನ್ ಅಲಗನ್ನು ಕೆಂಪಗೆ ಕಾಯಿಸಿ ಅದ್ದಿದ ಮೇಲೆ ಹದಕ್ಕೆ ಇಳಿಸಿರುವುದು ಸಾಮಾನ್ಯವಾಗಿ 200 ಡಿಗ್ರಿ ಆಸುಪಾಸಿನ ಬಿಸಿಯಲ್ಲಿ. ಅಂಚು ನೀಲಿಗೆ ತಿರುಗಿತು ಅಂದರೆ 300 ಡಿಗ್ರಿ ಮುಟ್ಟಿದೆ ಅಂತ ಅರ್ಥ. ಅಷ್ಟು ಜಾಗ ಮೆದುವಾಯಿತು. ಇನ್ನು ಅದು ಹರಿತ ಹಿಡಿಯುವುದಿಲ್ಲ. ಸ್ಟೀಲು ಯಾವುದು ಅಂತ ತಿಳಿಯಲು ಹೋಗಿ ಸ್ಟೀಲನ್ನೇ ಕೆಡಿಸಿಕೊಂಡ ಹಾಗೆ. ಹಿಡಿಯ ಬೆನ್ನಿನ ಪಟ್ಟಿ ಮುಟ್ಟಿಸುತ್ತೇನೆ ಅಂತೀರಾ? ಅದು ಸ್ಪ್ರಿಂಗಿನ ಕೆಲಸ ಮಾಡುವ ಭಾಗ. ಅಲಗಿನ ಸ್ಟೀಲೇ ಆಗಿರಬೇಕು ಅಂತೇನಿಲ್ಲ.

"ಮಷೀನಿಗೆ ಕೊಟ್ಟರೆ ಹೇಳಿಬಿಡುತ್ತದಲ್ಲ?" ಅಂತ ಇಂಜಿನಿಯರಿಂಗ್ ಓದಿದ ಹುಡುಗರು ಕೇಳುತ್ತಾರೆ. ಹೇಳುತ್ತದೆ, ಅರ್ಧ. ಚಿನ್ನದಂಗಡಿಯಲ್ಲಿ ಕ್ಯಾರಟ್ ನೋಡುವ ಎಕ್ಸ್‌ರೇ ಮಷೀನು ಇದೆಯಲ್ಲ, ಅದರದೇ ತತ್ವದ ಪಿಸ್ತೂಲಿನಂಥ ಸಾಧನ ಗುಜರಿ ಕೊಳ್ಳುವ ದೊಡ್ಡ ವ್ಯಾಪಾರಿಗಳ ಹತ್ತಿರ, ಫ್ಯಾಬ್ರಿಕೇಷನ್ ಕಾರ್ಖಾನೆಗಳಲ್ಲಿ ಇರುತ್ತದೆ. ಚಿನ್ನದಂಗಡಿಯದು ಚಿನ್ನಕ್ಕೆ ಹೊಂದಿಸಿರುವುದು, ಅದರಲ್ಲಿ ಚಾಕು ಇಡಬೇಡಿ. ಕಾರ್ಖಾನೆಯದು ಕ್ರೋಮಿಯಂ ಎಷ್ಟು, ಮಾಲಿಬ್ಡಿನಂ ಎಷ್ಟು, ವನಾಡಿಯಂ ಎಷ್ಟು ಅಂತ ಕೆಲವೇ ಸೆಕೆಂಡಿನಲ್ಲಿ ತೋರಿಸುತ್ತದೆ. ಅಲಗಿಗೆ ಗೀರೂ ಆಗುವುದಿಲ್ಲ. ಆದರೆ ಅದಕ್ಕೆ ಇಂಗಾಲ ಕಾಣುವುದಿಲ್ಲ. ಇಂಗಾಲ ತೀರಾ ಹಗುರ ಮೂಲವಸ್ತು. ಅದರಿಂದ ಹೊರಡುವ ಎಕ್ಸ್‌ರೇ ಎಷ್ಟು ಕ್ಷೀಣ ಅಂದರೆ ಸಾಧನದ ಕಣ್ಣಿಗೆ ತಲುಪುವ ಮುಂಚೆಯೇ ಗಾಳಿಯಲ್ಲಿ ಕಳೆದುಹೋಗುತ್ತದೆ.

ಇದರಿಂದ ಏನಾಗುತ್ತದೆ ನೋಡಿ. 440ರಲ್ಲಿ ಎ, ಬಿ, ಸಿ ಅಂತ ಮೂರು ಬಗೆ. ಮೂರರಲ್ಲೂ ಕ್ರೋಮಿಯಂ 16ರಿಂದ 18 ಶೇಕಡಾ. ವ್ಯತ್ಯಾಸ ಇರುವುದು ಇಂಗಾಲದಲ್ಲಿ ಮಾತ್ರ. ಎ ಬಗೆಯಲ್ಲಿ 0.60ರಿಂದ 0.75, ಬಿ ಬಗೆಯಲ್ಲಿ 0.75ರಿಂದ 0.95, ಸಿ ಬಗೆಯಲ್ಲಿ 0.95ರಿಂದ 1.20. ಮಷೀನಿಗೆ ಮೂರೂ ಒಂದೇ. ಸಾಧಾರಣ ಅಲಗಿಗೂ ಒಳ್ಳೆ ಅಲಗಿಗೂ ಇರುವ ಆ ಒಂದೇ ವ್ಯತ್ಯಾಸವನ್ನೇ ಅದು ನೋಡಲಾರದು. ಹಾಗಂತ ಪೂರ್ತಿ ದಂಡ ಅಲ್ಲ. ವನಾಡಿಯಂ 4 ಶೇಕಡಾ ಬಂತು ಅಂದರೆ ಎಸ್30ವಿ ಥರದ, ಲೋಹದ ಪುಡಿಯಿಂದ ಮಾಡಿದ ಹೊಸ ಕಾಲದ ಸ್ಟೀಲು ಅಂತ ಗೊತ್ತಾಗುತ್ತದೆ, 2001ರ ಹಿಂದಿನ ಚಾಕುವಿನಲ್ಲಿ ಎಸ್30ವಿ ಇರಲಾರದು. ಕೋಬಾಲ್ಟ್ ಸುಮಾರು ಒಂದೂವರೆ ಬಂದರೆ ಜಪಾನಿನ ವಿಜಿ-10 ಕಡೆ ಅನುಮಾನ ಹೋಗಬೇಕು. ಮಷೀನಿನ ಅಂಕಿ, ಮುದ್ರೆಯ ವರ್ಷ, ಎರಡನ್ನೂ ಪಕ್ಕಪಕ್ಕ ಇಟ್ಟರೆ ಉತ್ತರ ಬಹಳ ಸಲ ಒಂದಕ್ಕೇ ಬಂದು ನಿಲ್ಲುತ್ತದೆ.

ಇಂಗಾಲವೂ ಬೇಕೇ ಬೇಕು ಅಂದರೆ ಫೌಂಡ್ರಿಗಳಲ್ಲಿ ಇರುವ ಸ್ಪೆಕ್ಟ್ರೋಮೀಟರ್ ಇದೆ. ಲೋಹದ ಮೇಲೆ ವಿದ್ಯುತ್ ಕಿಡಿ ಹಾಯಿಸಿ, ಅದರ ಬೆಳಕು ನೋಡಿ ಲೆಕ್ಕ ಹಾಕುತ್ತದೆ. ಕಿಡಿ ತಾಗಿದ ಕಡೆ ಸುಟ್ಟ ಗುಳಿ ಉಳಿಯುತ್ತದೆ. ಸಪಾಟಾದ ಜಾಗವೂ ಬೇಕು, ಸಣ್ಣ ಅಲಗಿನಲ್ಲಿ ಅದೇ ಇರುವುದಿಲ್ಲ. ತಾತನ ಚಾಕುವಿಗೆ ಇದನ್ನು ಮಾಡಿಸಿ ಅಂತ ನಾನಂತೂ ಹೇಳಲಾರೆ.

ಇಷ್ಟೆಲ್ಲ ಹುಡುಕಿ ಹೆಸರು ಸಿಕ್ಕಿದ ಮೇಲೆ, ಚಾಕು ಒಳ್ಳೇದಾ ಅನ್ನುವ ಪ್ರಶ್ನೆಗೆ ಉತ್ತರ ಸಿಕ್ಕಿತಾ? ಪೂರ್ತಿ ಇಲ್ಲ. ನಮ್ಮೂರಿನ ಕುಲುಮೆಗಳಲ್ಲಿ ಮಚ್ಚು, ಕುಡುಗೋಲು ಮಾಡಲು ಲಾರಿಯ ಕಮಾನು ಪಟ್ಟಿಯನ್ನೇ ಕತ್ತರಿಸುತ್ತಾರೆ. ಒಂದೇ ಪಟ್ಟಿಯಿಂದ ಇಬ್ಬರು ಆಚಾರಿಗಳು ಮಾಡಿದ ಎರಡು ಮಚ್ಚು ಒಂದೇ ಥರ ಇರುವುದಿಲ್ಲ. ಒಂದು ತೆಂಗಿನ ಗರಿ ಕಡಿದು ಕಡಿದು ಹಾಗೇ ಇರುತ್ತದೆ, ಇನ್ನೊಂದರ ಅಂಚು ಎರಡೇ ದಿನಕ್ಕೆ ಮಡಚಿಕೊಳ್ಳುತ್ತದೆ. ಎಷ್ಟು ಕಾಯಿಸಿದರು, ಯಾವ ಕೆಂಪು ಬಂದಾಗ ಅದ್ದಿದರು, ಆಮೇಲೆ ಮತ್ತೆ ಬಿಸಿ ಮಾಡಿ ಗಡಸು ಎಷ್ಟು ಇಳಿಸಿದರು ಅನ್ನುವುದರಲ್ಲಿ ಎಲ್ಲ ಇದೆ. ಕಾರ್ಖಾನೆ ಚಾಕುವಿನಲ್ಲೂ ಇದೇ. ಹದ ಚೆನ್ನಾಗಿರುವ 420ಎಚ್‌ಸಿ, ಹದ ಕೆಟ್ಟ 440ಸಿಗಿಂತ ಎಷ್ಟೋ ವಾಸಿ. ಬಕ್‌ನವರು ಇಂಗಾಲ ಕಡಿಮೆ ಇರುವ ಸ್ಟೀಲಿಗೆ ಇಳಿದರೂ ಹೆಸರು ಉಳಿಸಿಕೊಂಡಿದ್ದು ಹದದಿಂದಲೇ.

ಗಟ್ಟಿತನ ಅಳೆಯುವ ರಾಕ್‌ವೆಲ್ ಮಷೀನು ಟೂಲ್ ರೂಮ್‌ಗಳಲ್ಲಿ ಇರುತ್ತದೆ. ವಜ್ರದ ಮೊನೆಯನ್ನು 150 ಕಿಲೋ ಭಾರದಲ್ಲಿ ಒತ್ತಿ, ಎಷ್ಟು ಆಳ ಇಳಿಯಿತು ಅಂತ ನೋಡುತ್ತದೆ. ಸಣ್ಣ ಚುಕ್ಕೆಯಷ್ಟು ಗುಳಿ ಬೀಳುತ್ತದೆ. ಅದು ಹದ ಹೇಗಿದೆ ಅಂತ ಹೇಳುತ್ತದೆ, ಹೆಸರು ಹೇಳುವುದಿಲ್ಲ. 58 ಅನ್ನುವ ಅಂಕಿ ಹತ್ತಾರು ಬಗೆಯ ಸ್ಟೀಲಿಗೆ ಬರಬಹುದು.

ಹಾಗಾದರೆ ದಿನದ ಬಳಕೆಗೆ ಎಷ್ಟು ತಿಳಿದರೆ ಸಾಕು? ತುಕ್ಕು ಹಿಡಿಯುವ ಜಾತಿಯಾದರೆ ಹಣ್ಣು ಹೆಚ್ಚಿದ ಕೂಡಲೇ ಒರೆಸಿ, ವಾರಕ್ಕೊಮ್ಮೆ ಕೊಬ್ಬರಿ ಎಣ್ಣೆ ತೀಡಿ, ಚರ್ಮದ ಚೀಲದಲ್ಲಿ ತಿಂಗಳುಗಟ್ಟಲೆ ಇಡಬೇಡಿ. ಚರ್ಮ ತೇವ ಹಿಡಿಯುತ್ತದೆ. ಹಳೇ ಸ್ಟೇನ್‌ಲೆಸ್ ಆದರೆ ಹಾರ್ಡ್‌ವೇರ್ ಅಂಗಡಿಯ ಕಾರ್ಬೊರಂಡಂ ಕಲ್ಲು ಸಾಕು. ವನಾಡಿಯಂ ಜಾಸ್ತಿ ಇರುವ ಹೊಸ ಸ್ಟೀಲಾದರೆ ಮಾತ್ರ ಡೈಮಂಡ್ ಕಲ್ಲು ಬೇಕು. ಅದರೊಳಗಿನ ವನಾಡಿಯಂ ಕಣಗಳು ಸಾಧಾರಣ ಕಲ್ಲಿಗಿಂತ ಗಟ್ಟಿ. ಎಷ್ಟು ಉಜ್ಜಿದರೂ ಕಲ್ಲೇ ಸವೆಯುತ್ತದೆ.

ಮಾರುವ ಯೋಚನೆ ಇದ್ದರೆ ಇನ್ನೊಂದು ವಿಷಯ. ಅಲಗು ಹೊಳೆಯಲಿ ಅಂತ ಬಫ್ ಮಾಡಿಸಬೇಡಿ. ಬುಡದ ಮುದ್ರೆ ಹೋದರೆ ವರ್ಷ ಹೋಯಿತು, ವರ್ಷ ಹೋದರೆ ಇದು 440ಸಿ ಅಂತ ನೀವು ಹೇಳಿದರೂ ಕೊಳ್ಳುವವರು ನಂಬುವುದಿಲ್ಲ. ಕಪ್ಪು ಕಲೆ ಇರಲಿ ಬಿಡಿ, ಅದಕ್ಕೆ ಯಾರೂ ಬೆಲೆ ಇಳಿಸುವುದಿಲ್ಲ. ಮೂಲ ಪೆಟ್ಟಿಗೆ, ಒಳಗಿನ ಚೀಟಿ ಇದ್ದರೆ ಎಸೆಯಬೇಡಿ. ಆ ಚೀಟಿಯಲ್ಲೇ ಸ್ಟೀಲಿನ ಹೆಸರು ಅಚ್ಚಾಗಿರುವುದೂ ಉಂಟು.